ಬೂದಿ ಉಳಿಯಿತು, ಹೊಗೆ ಎಲ್ಲಿ ಹೋಯಿತು?

ನಮ್ಮ ಸುರಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಹೆಸರಿಗೆ ತಕ್ಕಂತೆ ಅಲ್ಲೊಂದು ಬೂದಿಯ ದಿಬ್ಬವೂ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಪ್ರೊ. ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಲ್ಲಿ ಹಲವು ವರ್ಷ ಉತ್ಖನನ ನಡೆಸಿದರು. ಸುಮಾರು 4,000 ವರ್ಷಗಳ ಹಿಂದೆ ಈ ನೆಲದಲ್ಲಿ ಬಾಳಿದ ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಯ ಸಗಣಿಯನ್ನು ಒಟ್ಟಿ ಸುಟ್ಟದ್ದರಿಂದ ಆದ ದಿಬ್ಬ ಅದು. ಅವರ ಹಾಡು ಉಳಿಯಲಿಲ್ಲ, ಮಾತು ಉಳಿಯಲಿಲ್ಲ. ಬೂದಿ ಮಾತ್ರ ಉಳಿಯಿತು. ಆದರೆ ಬೆಂಕಿ ಹಚ್ಚಿದ ದಿನ ಬೂದಿಯ ಜೊತೆಗೆ ಹೊಗೆಯೂ ಹುಟ್ಟಿತ್ತಲ್ಲವೇ? ಅದರ ಲೆಕ್ಕವನ್ನು ಯಾರೂ ಇಡಲಿಲ್ಲ. ಆಕಾಶ ದೊಡ್ಡದು, ಹೊಗೆ ಅದರಲ್ಲಿ ಕರಗಿಹೋಗುತ್ತದೆ ಎಂಬುದು ಮನುಷ್ಯನ ಬಹು ಹಳೆಯ ನಂಬಿಕೆ. ಕೆಲವು ನೂರು ದನಗಳ ಸಗಣಿಯ ಮಟ್ಟಿಗೆ ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ತಿಂಥಣಿಯಲ್ಲಿ ಮೌನೇಶ್ವರರ ಗುಡಿಯ ಬಳಿ ಹರಿಯುವ ಕೃಷ್ಣೆಯನ್ನೇ ಅನುಸರಿಸಿ ಕೆಳಕ್ಕೆ ಹೋದರೆ ಶಕ್ತಿನಗರ ಸಿಗುತ್ತದೆ. ಅಲ್ಲಿನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಮುಂದೆ ಅದು ಎಂಟು ಘಟಕಗಳ, ಒಟ್ಟು 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಾಗಿ ಬೆಳೆಯಿತು. ನಮ್ಮ ಮನೆಗಳ ದೀಪಕ್ಕೂ ಹೊಲಗಳ ಪಂಪಿಗೂ ಅದರ ಋಣವಿದೆ. ಅಲ್ಲಿಯೂ ಬೂದಿಯುಂಟು, ಹೊಗೆಯುಂಟು. ಬೂದಿಯನ್ನು ವಿದ್ಯುತ್ ಕ್ಷೇತ್ರದ ಬಲದಿಂದ ಫಲಕಗಳಿಗೆ ಅಂಟುವಂತೆ ಮಾಡಿ ಹಿಡಿಯುತ್ತಾರೆ. ಹಾರುಬೂದಿಯನ್ನು ಇಟ್ಟಿಗೆ ಮೊದಲಾದವುಗಳಿಗೆ ಬಳಸಲೇಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಇಂದು ಅದು ಇಟ್ಟಿಗೆಯಾಗಿ, ಸಿಮೆಂಟಿನ ಭಾಗವಾಗಿ ಮಾರಾಟವಾಗುತ್ತಿದೆ. ಹೀಗೆ ಬೂದಿಗೊಂದು ದಾರಿಯಾಯಿತು. ಅದೇ ಚಿಮಣಿಯಿಂದ ಹೊರಡುವ ಕಣ್ಣಿಗೆ ಕಾಣದ ಅನಿಲಗಳಿಗೆ ಇಂಥ ದಾರಿ ಆಗಿಲ್ಲ. ಈ ಲೇಖನ ಆ ಅನಿಲಗಳನ್ನು ಕುರಿತದ್ದು.

ಇದನ್ನು ಬರೆಯಲು ಒಂದು ನಿಮಿತ್ತವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ನಮ್ಮ ಭಾಗದಲ್ಲೇ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಸುದ್ದಿಯನ್ನು ಅವನು ತರಗತಿಯಲ್ಲಿ ಹೇಳಿದನಂತೆ. ಕೆಟ್ಟ ಅನಿಲಗಳನ್ನು ತನ್ನ ಒಡಲೊಳಗೆ ಹಿಡಿದಿಟ್ಟುಕೊಳ್ಳುವ ರಂಧ್ರಮಯ ಹರಳಿನ ಪುಡಿಯನ್ನು ಕಂಡುಹಿಡಿದವರಿಗೆ ಈ ಪ್ರಶಸ್ತಿ ಬಂದಿದೆ ಎಂದಾಗ, ಕಾರ್ಖಾನೆಗಳ ನೆರೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಆ ಪುಡಿ ನಮ್ಮೂರಿಗಿ ಯಾವಾಗ ಬರ್ತದ್ರೀ?" ಎಂದು ಕೇಳಿದಳಂತೆ. ರಾತ್ರಿ ಗಾಳಿ ತಿರುಗಿದರೆ ಅವಳ ಊರಿನವರು ಕಿಟಕಿ ಮುಚ್ಚಿ ಮಲಗಬೇಕು. ಮಕ್ಕಳಿಗೆ ಕಣ್ಣುರಿ, ಕೆಮ್ಮು. ಅವನು ಫೋನು ಮಾಡಿ, "ಸರ್, ಆ ಹುಡುಗಿಗಿ ಏನ್ ಹೇಳ್ಲಿ? ನೀವೇ ಒಂದ್ಸಲ ಬರೀರಿ" ಎಂದ. ತಿಳಿದಷ್ಟನ್ನು ಕ್ರಮವಾಗಿ ಹೇಳುತ್ತೇನೆ.

ಕಣ್ಣಿಗೆ ಕಾಣದ ಅನಿಲ ಎಂದರೇನೆಂಬುದು ನಮ್ಮ ಭಾಗದ ಹಿರಿಯರಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು. ಕಾರಣ ಹಗೇವು. ಈಗಿನ ಮಕ್ಕಳು ಅದನ್ನು ನೋಡಿರಲಾರರು. ನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕ ಕ್ರಮೇಣ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುಗಳು ಸಾಯುತ್ತವೆ, ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಗೇವಿನ ಬಾಯಿ ತೆಗೆದ ದಿನ ಮಾತ್ರ ಯಾರೂ ಒಳಗಿಳಿಯಬಾರದು. ಒಂದು ದಿನ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಒಳಗಿನ ಗಾಳಿ ಇನ್ನೂ ಕೆಟ್ಟದ್ದು ಎಂದರ್ಥ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಓಣಿಯಲ್ಲಿ ಕಂದೀಲು ಇಳಿಬಿಡದೆ ಒಬ್ಬ ಆಳು ಹಗೇವಿಗೆ ಇಳಿದ. ಅವನ ಸದ್ದು ನಿಂತಾಗ ಅವನನ್ನು ಎತ್ತಲು ಇನ್ನೊಬ್ಬರು ಇಳಿದರು. ಇಬ್ಬರೂ ಮೇಲೆ ಬರಲಿಲ್ಲ. ಎರಡನೆಯವರು ನನ್ನ ಕಾಕಾ. ಬಂಧುಗಳಲ್ಲಿ ಹಿರಿಯರಿಗೆ ಈ ಪ್ರಸಂಗ ನೆನಪಿದ್ದೀತು. ಮುಂದೆ ನಾನು ಶಿಕ್ಷಕನಾದಾಗ, ಇಂಗಾಲದ ಡೈಆಕ್ಸೈಡಿನ ಅಣುತೂಕ 44, ಗಾಳಿಯ ಸರಾಸರಿ ಅಣುತೂಕ ಸುಮಾರು 29, ಆದುದರಿಂದ ಅದು ತಗ್ಗಿನಲ್ಲಿ ನಿಲ್ಲುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಪ್ರತಿವರ್ಷವೂ ಹಗೇವಿನ ಉದಾಹರಣೆಯನ್ನೇ ಕೊಡುತ್ತಿದ್ದೆ. ನನ್ನ ವಿದ್ಯಾರ್ಥಿಗಳಿಗೆ ಅದು ಮರೆತಿರಲಾರದು.

ಹಗೇವಿನಲ್ಲಿ ಸಾಂದ್ರವಾಗಿ ಕೊಲ್ಲುವ ಇದೇ ಅನಿಲ ಬಯಲಿನಲ್ಲಿ ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ಹವಾಯಿ ದ್ವೀಪದ ಮೌನಾ ಲೋವಾ ಶಿಖರದಲ್ಲಿ 1958ರಲ್ಲಿ ನಿರಂತರ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 315 ಪಾಲು ಇತ್ತು. ಈಗ 420ನ್ನು ದಾಟಿದೆ. ಉಸಿರಾಟಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಭೂಮಿಯ ಶಾಖವನ್ನು ಹೊರಹೋಗಲು ಬಿಡದೆ ಹಿಡಿದಿಡುವ ಕಂಬಳಿ ಅಷ್ಟರಮಟ್ಟಿಗೆ ದಪ್ಪವಾಗಿದೆ. ಬೇಸಗೆಯಲ್ಲಿ ಮೊದಲೇ ಕುದಿಯುವ ನಮ್ಮ ಯಾದಗಿರಿ, ರಾಯಚೂರುಗಳಿಗೆ ಇದು ದೂರದ ಸಂಗತಿಯಲ್ಲ.

ಈಗ ಆ ಪುಡಿಯ ವಿಚಾರಕ್ಕೆ ಬರೋಣ. ಇದ್ದಿಲು ವಾಸನೆಯನ್ನು ಹಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಹೊಸ ಪಾದರಕ್ಷೆಯ ಡಬ್ಬಿಯಲ್ಲಿ ಸಿಗುವ ಸಣ್ಣ ಚೀಲದ ಬಿಳಿ ಕಾಳುಗಳು ತೇವವನ್ನು ಹಿಡಿಯುತ್ತವೆ. ಇವುಗಳ ಗುಟ್ಟು ಒಂದೇ: ಒಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು, ಆ ರಂಧ್ರಗಳ ಗೋಡೆಗೆ ಬಂದು ಅಂಟಿಕೊಳ್ಳುವ ಅನಿಲದ ಅಣುಗಳು. ನೀರು ಅರಿವೆಯೊಳಗೆ ಇಂಗುವಂತೆ ಒಳಕ್ಕೆ ಸೇರುವುದು ಹೀರಿಕೆ. ಗೋಡೆಯ ಮೈಗೆ ಅಂಟಿ ನಿಲ್ಲುವುದು ಅಧಿಶೋಷಣೆ. ಇದ್ದಿಲಿನ ತೊಂದರೆಯೆಂದರೆ ಅದರ ರಂಧ್ರಗಳು ಅಡ್ಡಾದಿಡ್ಡಿ. ಒಂದು ಹಿರಿದು, ಒಂದು ಕಿರಿದು. ಯಾವ ಅನಿಲ ಬೇಕೋ ಅದಕ್ಕೇ ಸರಿಯಾಗುವ ಅಳತೆಯ ಕೋಣೆಗಳನ್ನು ಕಟ್ಟಲು ಸಾಧ್ಯವೇ? ರಸಾಯನಶಾಸ್ತ್ರಜ್ಞರ ಮುಂದಿದ್ದ ಪ್ರಶ್ನೆ ಇದು.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಒಂದು ಪಾಠೋಪಕರಣದಲ್ಲಿ ಎಂಬುದು ಶಿಕ್ಷಕರಾದ ನಮಗೆಲ್ಲ ಹೆಮ್ಮೆಯ ವಿಷಯ. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ರಿಚರ್ಡ್ ರಾಬ್ಸನ್ 1974ರಲ್ಲಿ ವಿದ್ಯಾರ್ಥಿಗಳಿಗೆ ಅಣುಗಳ ರಚನೆ ತೋರಿಸಲು ಮರದ ಗುಂಡುಗಳನ್ನು ಸಿದ್ಧಪಡಿಸಬೇಕಾಯಿತು. ಪ್ರತಿ ಗುಂಡಿಗೂ ಎಲ್ಲೆಲ್ಲಿ ತೂತು ಕೊರೆಯಬೇಕೆಂದು ಗುರುತು ಹಾಕಿ ಕಾರ್ಯಾಗಾರಕ್ಕೆ ಕಳಿಸಿದರು. ತೂತುಗಳು ಸರಿಯಾದ ಜಾಗದಲ್ಲಿದ್ದುದರಿಂದ ಕಡ್ಡಿ ಸಿಕ್ಕಿಸಿದೊಡನೆ ಮಾದರಿ ತಾನೇ ಸರಿಯಾದ ಆಕಾರ ತಾಳುತ್ತಿತ್ತು. ಗುಂಡಿನ ಬದಲು ಲೋಹದ ಅಯಾನು, ಕಡ್ಡಿಯ ಬದಲು ಇಂಗಾಲದ ಅಣು ಇದ್ದರೆ ಅವೂ ಹೀಗೆಯೇ ತಾವಾಗಿ ಕಟ್ಟಿಕೊಳ್ಳಬಹುದಲ್ಲವೇ ಎಂಬ ಯೋಚನೆ ಅವರಿಗೆ ಹೊಳೆಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಮನಸ್ಸಿನಲ್ಲೇ ಉಳಿದು, 1989ರಲ್ಲಿ ತಾಮ್ರದ ಅಯಾನುಗಳಿಂದ ಕಟ್ಟಿದ ಹರಳಾಗಿ ಪ್ರಕಟವಾಯಿತು. ಆ ಹರಳಿನೊಳಗೆ ವಿಶಾಲವಾದ ಖಾಲಿ ಜಾಗವಿತ್ತು.

ರಾಬ್ಸನ್ನರ ಹರಳುಗಳು ಸುಲಭವಾಗಿ ಕುಸಿಯುತ್ತಿದ್ದವು. 1997ರಲ್ಲಿ ಜಪಾನಿನ ಸುಸುಮು ಕಿಟಗಾವಾ ಕುಸಿಯದೆ ಅನಿಲವನ್ನು ಒಳಗೆ ಬಿಟ್ಟುಕೊಂಡು ಮತ್ತೆ ಹೊರಬಿಡುವ ಹರಳುಗಳನ್ನು ಮಾಡಿ ತೋರಿಸಿದರು. 1999ರಲ್ಲಿ ಅಮೆರಿಕದಲ್ಲಿ ಒಮರ್ ಯಾಘಿ ಸತುವಿನಿಂದ ಎಂಒಎಫ್-5 ಎಂಬ ಗಟ್ಟಿಮುಟ್ಟಾದ ಚೌಕಟ್ಟನ್ನು ಕಟ್ಟಿದರು. ಇವಕ್ಕೆ ಲೋಹ-ಸಾವಯವ ಚೌಕಟ್ಟುಗಳೆಂದು ಹೆಸರು. ಮೂವರಿಗೂ ಸೇರಿ 2025ರ ನೊಬೆಲ್ ಬಂದಿತು. ಯಾಘಿಯವರ ಬಾಲ್ಯವನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಮಗ. ವಿದ್ಯುತ್ ದೀಪವಿಲ್ಲದ, ದನಗಳೊಡನೆ ಹಂಚಿಕೊಂಡ ಮನೆ. ಹತ್ತನೆಯ ವಯಸ್ಸಿನಲ್ಲಿ ಶಾಲೆಯ ಗ್ರಂಥಾಲಯಕ್ಕೆ ಕದ್ದು ನುಗ್ಗಿ ತೆರೆದ ಪುಸ್ತಕದಲ್ಲಿ ಅವರು ಕಂಡದ್ದು ಅಣುಗಳ ಚಿತ್ರ.

ಈ ಚೌಕಟ್ಟನ್ನು ನಾನು ಹಂದರಕ್ಕೆ ಹೋಲಿಸುತ್ತೇನೆ. ಜಾತ್ರೆಯಲ್ಲಿ ಹಾಕುವ ಹಂದರವನ್ನು ನೆನೆಯಿರಿ. ಗಳಗಳು ಕೂಡುವಲ್ಲಿ ಹಗ್ಗದ ಗಂಟು, ಗಂಟಿನಿಂದ ಗಂಟಿಗೆ ಗಳ, ನಡುವೆ ಬರೀ ಬಯಲು. ಲೋಹದ ಅಯಾನು ಗಂಟು. ಸಾವಯವ ಅಣು ಗಳ. ಗಳವನ್ನು ಉದ್ದ ಮಾಡಿದರೆ ಕೋಣೆ ದೊಡ್ಡದಾಗುತ್ತದೆ, ಗಳಕ್ಕೆ ಬೇರೊಂದು ರಾಸಾಯನಿಕ ಗುಂಪನ್ನು ಕಟ್ಟಿದರೆ ಒಳಗೆ ಬಂದು ನಿಲ್ಲುವ ಅತಿಥಿ ಬೇರೆಯಾಗುತ್ತದೆ. ಇಂಗಾಲದ ಡೈಆಕ್ಸೈಡಿಗೆ ಒಂದು ಹಂದರ, ಅಮೋನಿಯಕ್ಕೆ ಇನ್ನೊಂದು, ಗಂಧಕದ ಅನಿಲಗಳಿಗೆ ಮತ್ತೊಂದು. ಹೀಗೆ ಹತ್ತಾರು ಸಾವಿರ ಚೌಕಟ್ಟುಗಳು ಈಗಾಗಲೇ ಸಿದ್ಧವಾಗಿವೆ. ಎಂಒಎಫ್-5ರ ಕೆಲವೇ ಗ್ರಾಂ ಪುಡಿಯೊಳಗಿನ ಗೋಡೆಗಳನ್ನು ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನವನ್ನು, ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಎಕರೆ ಹೊಲವನ್ನು, ಮುಚ್ಚುತ್ತದೆ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಮುಂದೆ ನಿಂತು ಬೆಳೆಸಿದ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ, ರಾಬ್ಸನ್ನರ ಹರಳು ಪ್ರಕಟವಾದ ವರ್ಷದಲ್ಲೇ, ಸ್ಥಾಪನೆಯಾಯಿತು. ಅಲ್ಲಿನ ಪ್ರೊ. ತಪಸ್ ಕುಮಾರ್ ಮಾಜಿ ಅವರು ಕಿಟಗಾವಾ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವರು. ಇಂಥ ಚೌಕಟ್ಟುಗಳ ಮೇಲೆ ಅನೇಕ ವರ್ಷಗಳಿಂದ ಸಂಶೋಧನೆ ನಡೆಸುತ್ತಿದ್ದಾರೆ. 2019ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂದಿತು. ಇಂಗಾಲದ ಡೈಆಕ್ಸೈಡನ್ನು ಹಿಡಿದು ಉಪಯೋಗಕ್ಕೆ ತರುವ ವಿಚಾರಕ್ಕೆಂದೇ ಒಂದು ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರ 2022ರಲ್ಲಿ ಆ ಸಂಸ್ಥೆಗೆ ಮಂಜೂರಾಯಿತು.

ಹಾಗಾದರೆ ನಮ್ಮ ಭಾಗಕ್ಕೆ ಇದರಿಂದ ಏನು? ನೆರೆಯ ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳನ್ನು ನೆನೆಯಿರಿ. ಅಲ್ಲಿ ಸುಣ್ಣಕಲ್ಲನ್ನು ಸುಡುತ್ತಾರೆ. ಹತ್ತನೆಯ ತರಗತಿಯ ಸಮೀಕರಣವೇ ಹೇಳುವಂತೆ 100 ಕಿಲೋ ಶುದ್ಧ ಸುಣ್ಣಕಲ್ಲು ಬೆಂದರೆ 56 ಕಿಲೋ ಸುಟ್ಟಸುಣ್ಣ, 44 ಕಿಲೋ ಇಂಗಾಲದ ಡೈಆಕ್ಸೈಡ್. ಒಲೆಗೆ ಕಲ್ಲಿದ್ದಲಿನ ಬದಲು ಎಷ್ಟೇ ನಿರ್ಮಲವಾದ ಉರುವಲು ಹಾಕಿದರೂ ಕಲ್ಲಿನಿಂದ ಹೊರಡುವ ಈ 44 ಕಿಲೋ ತಪ್ಪುವುದಿಲ್ಲ. ವಿದ್ಯುತ್ತಿಗಾದರೆ ಸೂರ್ಯನಿದ್ದಾನೆ, ಗಾಳಿಯಿದೆ. ಸುಣ್ಣಕಲ್ಲಿನಿಂದ ಮಾಡುವ ಸಿಮೆಂಟಿಗೆ ಅನಿಲವನ್ನು ಹಿಡಿಯುವುದು ಬಿಟ್ಟರೆ ಬೇರೆ ದಾರಿ ಕಡಿಮೆ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ಮತ್ತು ಸಂಗಡಿಗರು ಕಾಲ್ಫ್-20 ಎಂಬ ಸತುವಿನ ಚೌಕಟ್ಟನ್ನು ಸಿದ್ಧಪಡಿಸಿ, ಅದರ ವಿವರವನ್ನು 2021ರಲ್ಲಿ ಪ್ರಕಟಿಸಿದರು. ಹೊಗೆಯಲ್ಲಿ ನೀರಿನ ಆವಿ ಯಾವಾಗಲೂ ಇರುತ್ತದೆ. ಅನೇಕ ಚೌಕಟ್ಟುಗಳಲ್ಲಿ ಆ ಆವಿಯೇ ಮೊದಲು ನುಗ್ಗಿ ಕೋಣೆಗಳನ್ನು ತುಂಬಿಬಿಡುತ್ತದೆ. ಕೆಲವು ಚೌಕಟ್ಟುಗಳು ತೇವಕ್ಕೆ ಮುರಿದೇ ಹೋಗುತ್ತವೆ. ಕಾಲ್ಫ್-20 ಸಾಕಷ್ಟು ತೇವವಿದ್ದರೂ ಇಂಗಾಲದ ಡೈಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ, ಮುರಿಯುವುದಿಲ್ಲ. ಹಿಡಿದ ಅನಿಲವನ್ನು ಬಿಡಿಸಲು ಹಬೆ ಹಾಯಿಸಿದರೆ ಸಾಕು, ಪುಡಿ ಮತ್ತೆ ಕೆಲಸಕ್ಕೆ ಸಿದ್ಧ. ಕೆನಡಾದಲ್ಲೇ ಒಂದು ಸಿಮೆಂಟ್ ಕಾರ್ಖಾನೆಯ ಹೊಗೆಗೆ ಅದನ್ನು ಒಡ್ಡಿ ಪರೀಕ್ಷಿಸಿದ್ದಾರೆ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. 1,720 ಮೆಗಾವಾಟಿನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 17 ಲಕ್ಷ 20 ಸಾವಿರ ಯೂನಿಟ್, ಅಂದರೆ ಸುಮಾರು 1,700 ಟನ್ ಅನಿಲ. ಪುಡಿ ಒಂದು ಸಲಕ್ಕೆ ತನ್ನ ತೂಕದ ಹತ್ತನೆಯ ಒಂದು ಪಾಲು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಗಂಟೆಗೊಮ್ಮೆ ಬಳಸಿದಾಗ 17,000 ಟನ್ ಪುಡಿ ಬೇಕು. ಅದನ್ನೇ ನಿಮಿಷಕ್ಕೊಮ್ಮೆ ಹಿಡಿದು ಬಿಡಿಸುವ ಯಂತ್ರ ಮಾಡಿದರೆ 300 ಟನ್ನಿನ ಒಳಗೇ ಮುಗಿಯುತ್ತದೆ. ಇದು ಕಪ್ಪುಹಲಗೆಯ ಸ್ಥೂಲ ಲೆಕ್ಕ. ಆದರೂ ಕೆಲಸದ ಗಾತ್ರವನ್ನೂ, ಅದು ಅಸಾಧ್ಯವಲ್ಲ ಎಂಬುದನ್ನೂ ಒಟ್ಟಿಗೆ ತೋರಿಸುತ್ತದೆ. ಹಬೆಗೆ ಬೇಕಾದ ಶಾಖಕ್ಕೂ ಹೊಗೆಯನ್ನು ತಳ್ಳುವ ಫ್ಯಾನುಗಳಿಗೂ ಖರ್ಚಿದೆ. ಹಿಡಿದ ಅನಿಲವನ್ನು ಇಡಲು ಜಾಗವೂ ಬೇಕು. ಐಸ್‌ಲ್ಯಾಂಡಿನಲ್ಲಿ ಅದನ್ನು ನೀರಿನಲ್ಲಿ ಕರಗಿಸಿ ಕರಿಕಲ್ಲಿನ ಪದರಕ್ಕೆ ಇಳಿಸಿ, ಎರಡು ವರ್ಷದೊಳಗೆ ಅದರ ಬಹುಭಾಗ ಕಲ್ಲಾಗುವುದನ್ನು 2016ರಲ್ಲಿ ತೋರಿಸಿದ್ದಾರೆ.

ಇಷ್ಟೆಲ್ಲ ತಿಳಿದ ಮೇಲೆ ಆ ಹುಡುಗಿಗೆ ಏನು ಹೇಳುವುದು? ನಾನು ಅವಳ ಗುರುವಿಗೆ ಹೇಳಿದ್ದು ಇಷ್ಟು. ಊರ ಗಾಳಿಯಲ್ಲಿ ಹರಡಿಹೋದ ಅನಿಲವನ್ನು ಯಾವ ಪುಡಿಯೂ ಮನೆಮನೆಗೆ ಬಂದು ಆರಿಸಲಾರದು. ಹಿಡಿಯಬೇಕಾದ ಜಾಗ ಕೊಳವೆಯ ಬಾಯಿ. ಅವಳ ಊರಿನ ನಾತಕ್ಕೆ, ಕಣ್ಣುರಿಗೆ ನೊಬೆಲ್ ಪಡೆದ ಪುಡಿಯೇ ಬೇಕೆಂದೂ ಇಲ್ಲ. ಹೊಗೆಯನ್ನು ಸುಣ್ಣದ ನೀರಿನಲ್ಲಿಯೋ ಕ್ಷಾರದಲ್ಲಿಯೋ ತೊಳೆಯುವ ಗೋಪುರ, ಇದ್ದಿಲಿನ ಶೋಧಕ, ಇವೆಲ್ಲ ಅವಳ ಅಜ್ಜನ ಕಾಲಕ್ಕೇ ಬಂದವು. ಅವು ಇರಬೇಕು, ರಾತ್ರಿಯೂ ನಡೆಯಬೇಕು, ನಡೆಯುತ್ತಿವೆಯೋ ಇಲ್ಲವೋ ಎಂದು ನೋಡುವವರು ಇರಬೇಕು.

ಉಪಕರಣ ಇದ್ದ ಮಾತ್ರಕ್ಕೆ ಅನಿಲ ಸಿಕ್ಕಿಬೀಳುವುದಿಲ್ಲ ಎಂಬುದಕ್ಕೆ ಗಂಧಕದ ಡೈಆಕ್ಸೈಡಿನ ಕಥೆಯೇ ಸಾಕ್ಷಿ. ಅದನ್ನು ಸುಣ್ಣಕಲ್ಲಿನ ರಾಡಿಯಲ್ಲಿ ತೊಳೆದು ಜಿಪ್ಸಮ್ ಮಾಡುವ ವಿಧಾನ ಹಳೆಯದು. ಸುಣ್ಣಕಲ್ಲಂತೂ ನಮ್ಮ ನೆರೆಯಲ್ಲೇ ಬೇಕಾದಷ್ಟಿದೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಆ ಅನಿಲದ ಮಿತಿಯನ್ನು ಗೊತ್ತುಪಡಿಸಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ತೊಳೆಯುವ ವ್ಯವಸ್ಥೆಯ ವೆಚ್ಚ ಹೆಚ್ಚು ಎಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಬೂದಿಯ ವಿಷಯದಲ್ಲಿ ನಾವು ಹಾಗೆ ವಾದಿಸಿ ಸುಮ್ಮನಾಗಲಿಲ್ಲ. ಬೂದಿ ಕಣ್ಣಿಗೆ ಬೀಳುತ್ತಿತ್ತು, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು, ಜನ ಕೇಳಿದರು, ಕಾನೂನು ಬಂದಿತು, ಆಮೇಲೆ ಅದಕ್ಕೆ ಬೆಲೆಯೂ ಬಂದಿತು. ಕಾಣದ ಅನಿಲವನ್ನು ಕೇಳುವವರು ಯಾರು? ಆ ಹುಡುಗಿ ತರಗತಿಯಲ್ಲಿ ಎದ್ದುನಿಂತು ಕೇಳಿದ್ದಾಳೆ. ಅದನ್ನು ಅಧಿಕಪ್ರಸಂಗವೆಂದು ಕೂರಿಸದೆ, ಗ್ರಾಮಸಭೆಯಲ್ಲಿ ಹೇಗೆ ಕೇಳಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಗೆ ದಿನಾಂಕ, ವೇಳೆ, ಗಾಳಿಯ ದಿಕ್ಕು ಸಹಿತ ಹೇಗೆ ಅರ್ಜಿ ಬರೆಯಬೇಕು ಎಂದು ಕಲಿಸುವುದೂ ವಿಜ್ಞಾನದ ಪಾಠವೇ.

ವಾಡಿಯಲ್ಲಿ, ಶಕ್ತಿನಗರದಲ್ಲಿ, ನಮ್ಮ ಜಿಲ್ಲೆಯ ಕಾರ್ಖಾನೆಗಳಲ್ಲಿ ನನ್ನ ವಿದ್ಯಾರ್ಥಿಗಳು ದುಡಿಯುತ್ತಿದ್ದೀರಿ. ಅಲ್ಲಿನ ಅನ್ನದಿಂದ ನಿಮ್ಮ ಮಕ್ಕಳು ಓದುತ್ತಿದ್ದಾರೆ. ಕಾರ್ಖಾನೆಗಳು ಮುಚ್ಚಲಿ ಎಂದು ನಾನು ಹೇಳುವವನಲ್ಲ. ನಿಮ್ಮಲ್ಲಿ ಯಾರಾದರೂ ಹೊಗೆ ತೊಳೆಯುವ ಯಂತ್ರದ ಬಳಿ ಕೆಲಸ ಮಾಡುತ್ತಿದ್ದರೆ ಅದು ಹೇಗೆ ನಡೆಯುತ್ತದೆಂದು ನನಗೆ ಬರೆದು ತಿಳಿಸಿ. ಶಾಲೆಯ ಮಕ್ಕಳಿಗೆ ಓದಿ ಹೇಳುವೆ. ಹಾಗೆಯೇ, ನಿಮ್ಮ ಹಳೆಯ ಮನೆಯಂಗಳದಲ್ಲಿ ಮುಚ್ಚಿದ ಹಗೇವು ಇನ್ನೂ ಇದ್ದರೆ, ಮನೆ ಕಟ್ಟಲೆಂದು ಅದನ್ನು ತೆಗೆಸುವಾಗ ಬಾಯಿ ಬಿಚ್ಚಿ ಒಂದು ದಿನ ಹಾಗೆಯೇ ಬಿಡಿ, ಕಂದೀಲು ಇಳಿಬಿಟ್ಟು ನೋಡಿ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. ಅಗ್ನಿಶಾಮಕ ದಳದವರನ್ನು ಕರೆಯಿರಿ.